ಓದುಗರ ಪ್ರಶ್ನೆ: ಅಳಿಸಿದ ಜಾಗ ಸ್ಟೀರಿಯೋ ಫೋಟೊದಲ್ಲಿ ಯಾಕೆ ಮಿಣುಗುತ್ತದೆ?

ಪ್ರಶ್ನೆ: ಹಂಪಿಯ ಕಲ್ಲಿನ ರಥದ ಸ್ಟೀರಿಯೋ ಫೋಟೊ (ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿ ಆಳ ಕಾಣಿಸುವ ಜೋಡಿ ಫೋಟೊ) ತೆಗೆದಿದ್ದೆ. ಅಂಗಳದ ಚಪ್ಪಡಿ ಮೇಲೆ ಬಿದ್ದಿದ್ದ ನೀರಿನ ಬಾಟಲಿಯನ್ನು ಎಡ, ಬಲ ಎರಡೂ ಚಿತ್ರಗಳಲ್ಲಿ ಫೋಟೊ ತಿದ್ದುವ ಸಾಫ್ಟ್‌ವೇರಿನ ಹೀಲಿಂಗ್ ಬ್ರಷ್‌ನಿಂದ ಅಳಿಸಿದೆ. ಒಂದೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ವ್ಯೂವರ್‌ನಲ್ಲಿಟ್ಟರೆ ಆ ಜಾಗ ಮಾತ್ರ ಮಿಣುಗುತ್ತದೆ. ಬ್ರಷ್ ಯಾವ ಸೈಜ್ ಇಡಬೇಕು?

ಬ್ರಷ್ ಸೈಜಿಗೂ ಇದಕ್ಕೂ ಸಂಬಂಧವಿಲ್ಲ. ಸೈಜ್ ಕೇಳುವವರೆಲ್ಲರ ಮನಸ್ಸಿನಲ್ಲಿ ಒಂದು ನಂಬಿಕೆ ಇರುತ್ತದೆ: ಎಡಚಿತ್ರ ಚೊಕ್ಕವಾಗಿದ್ದು ಬಲಚಿತ್ರವೂ ಚೊಕ್ಕವಾಗಿದ್ದರೆ ಜೋಡಿಯೂ ಚೊಕ್ಕ. ಇದು ತಪ್ಪು. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಬರುತ್ತಿದೆ, ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಚಪ್ಪಡಿಯ ಒಂದು ಬಿರುಕು ಎಡಚಿತ್ರದಲ್ಲಿ ಅಡ್ಡಲಾಗಿ 1500ನೇ ಪಿಕ್ಸೆಲ್‌ನಲ್ಲಿದ್ದರೆ ಬಲಚಿತ್ರದಲ್ಲಿ 1518ರಲ್ಲಿರುತ್ತದೆ ಅಂದುಕೊಳ್ಳಿ. ಆ 18 ಪಿಕ್ಸೆಲ್ ವ್ಯತ್ಯಾಸವೇ ಆಳ. ಬಿರುಕಿಗಷ್ಟೇ ಅಲ್ಲ, ಅದರ ಪಕ್ಕದ ಕಲ್ಲಿನ ಪ್ರತಿ ಚುಕ್ಕೆಗೂ ಇನ್ನೊಂದು ಚಿತ್ರದಲ್ಲಿ ಜೊತೆ ಇದೆ. ಹೀಲಿಂಗ್ ಬ್ರಷ್‌ಗೆ ಈ ಜೊತೆಯ ಪರಿವೆಯೇ ಇಲ್ಲ. ಎಡದಲ್ಲಿ ಒಂದು ಕಡೆಯ ಕಲ್ಲಿನ ಕಣ ತಂದು ತುಂಬುತ್ತದೆ, ಬಲದಲ್ಲಿ ಇನ್ನೊಂದು ಕಡೆಯದು. ಎರಡೂ ನಿಜವಾದ ಕಲ್ಲಿನಂತೆಯೇ ಕಾಣುತ್ತವೆ, ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಮಿದುಳು ಒಮ್ಮೆ ಎಡಗಣ್ಣಿನದನ್ನು, ಒಮ್ಮೆ ಬಲಗಣ್ಣಿನದನ್ನು ತೋರಿಸುತ್ತದೆ. ನಿಮಗೆ ಕಂಡ ಮಿಣುಕು ಅದೇ. ಅಕಸ್ಮಾತ್ ಹೊಂದಿದ ಒಂದೆರಡು ಚುಕ್ಕೆಗಳು ಕಲ್ಲಿನಿಂದ ಮೇಲೆದ್ದು ತೇಲುತ್ತವೆ, ಇಲ್ಲವೇ ಒಳಗೆ ಹೂತಂತೆ ಕಾಣುತ್ತವೆ.

ಇಂಥ ವ್ಯತ್ಯಾಸ ಹಿಡಿಯುವುದರಲ್ಲಿ ನಮ್ಮ ಜೋಡಿಗಣ್ಣು ಎಷ್ಟು ಚುರುಕು ಎಂದರೆ, 19ನೇ ಶತಮಾನದಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈನ್ರಿಷ್ ವಿಲ್ಹೆಲ್ಮ್ ಡೋವ್ ಖೋಟಾ ನೋಟು ಪತ್ತೆಗೆ ಸ್ಟೀರಿಯೋಸ್ಕೋಪ್ (ಜೋಡಿ ಚಿತ್ರ ನೋಡುವ ವ್ಯೂವರ್) ಬಳಸಿ ತೋರಿಸಿದ್ದರು. ಅಸಲಿ ನೋಟು ಒಂದು ಕಣ್ಣಿಗೆ, ಅನುಮಾನದ್ದು ಇನ್ನೊಂದಕ್ಕೆ. ಕೂದಲೆಳೆಯಷ್ಟು ಸರಿದ ಅಕ್ಷರವೂ ಮಟ್ಟದಿಂದ ಎದ್ದು ಕಾಣುತ್ತದೆ. ಬಿಡಿಬಿಡಿಯಾಗಿ ನೋಡಿದಾಗ ಯಾರಿಗೂ ಕಾಣದ ದೋಷ ಅದು. ನಿಮ್ಮ ಬಾಟಲಿ ಜಾಗದ ಕಥೆಯೂ ಇದೇ.

ಹಾಗಾದರೆ ಮಾಡುವುದೇನು? ಮೊದಲು ಸ್ಟೀರಿಯೋಫೋಟೊ ಮೇಕರ್ ಎಂಬ ಸಾಫ್ಟ್‌ವೇರ್‌ನಲ್ಲಿ ಜೋಡಿಯನ್ನು ಮೇಲೆ-ಕೆಳಗೆ ವ್ಯತ್ಯಾಸ ಉಳಿಯದಂತೆ ಸರಿಹೊಂದಿಸಿ. ಆಮೇಲೆ ಗಿಂಪ್ ಅಥವಾ ಫೋಟೊಶಾಪ್‌ನಲ್ಲಿ ಎಡಚಿತ್ರವನ್ನು ಮಾತ್ರ ರಿಪೇರಿ ಮಾಡಿ. ರಿಪೇರಿಯಾದ ತುಂಡನ್ನು ಸುತ್ತಲಿನ ಸ್ವಲ್ಪ ಅಸಲಿ ಕಲ್ಲಿನ ಸಮೇತ ಕತ್ತರಿಸಿ ಬಲಚಿತ್ರದ ಮೇಲೆ ಹೊಸ ಲೇಯರ್ (ಪದರ) ಆಗಿ ಇಡಿ. ಕೆಳಗಿನ ಚಿತ್ರವೂ ಕಾಣುವಂತೆ ಅದರ ಒಪಾಸಿಟಿ ಶೇ. 50ಕ್ಕೆ ಇಳಿಸಿ, ಅಡ್ಡಕ್ಕೆ ಮಾತ್ರ ಸರಿಸುತ್ತಾ ಹೋಗಿ. ಪಕ್ಕದ ಬಿರುಕು ಬಿರುಕಿನ ಮೇಲೆ ಕೂತ ಕೂಡಲೇ ನಿಲ್ಲಿಸಿ. ನೆಲ ನಮ್ಮಿಂದ ದೂರ ಸರಿಯುತ್ತಾ ಹೋಗುವುದರಿಂದ ತುಂಡಿನ ಕೆಳ ಅಂಚು ಹೊಂದಿದಾಗ ಮೇಲಂಚು ಹೊಂದುವುದಿಲ್ಲ; ಕೆಳ ಅಂಚನ್ನು ಹಾಗೇ ಬಿಟ್ಟು ಮೇಲಂಚನ್ನು ಶಿಯರ್ (ಓರೆಯಾಗಿಸುವ) ಟೂಲ್‌ನಿಂದ ಅಡ್ಡಕ್ಕೆ ಎಳೆಯಿರಿ. ಈ ಒಂದು ಹೆಜ್ಜೆ ಕಲಿತವರ ಕೆಲಸ ನೋಡಿದರೆ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ಎಡ-ಬಲ ಚಿತ್ರ ಅಕ್ಕಪಕ್ಕ ಇರುವ ಹಳೆಯ ಸ್ಟೀರಿಯೋ ಕಾರ್ಡಿನ ಧೂಳು, ಗೀರುಗಳಿಗಂತೂ ಏನನ್ನೂ ಹೊಸದಾಗಿ ಸೃಷ್ಟಿಸಬೇಡಿ. ಎಡದಲ್ಲಿ ಗೀರಿದ್ದರೆ ಆ ಜಾಗದ ಅಸಲಿ ಚಿತ್ರ ಬಹುಪಾಲು ಬಲದಲ್ಲೇ ಇರುತ್ತದೆ. ಅಲ್ಲಿಂದ ತಂದು ಹೀಗೆಯೇ ಕೂರಿಸಿ. ಕಂಬದಂಥ ಹತ್ತಿರದ ವಸ್ತುವಿನ ಅಂಚಿನಲ್ಲಿ ಒಂದೇ ಕಣ್ಣಿಗೆ ಕಾಣುವ ಪಟ್ಟಿ ಇರುತ್ತದೆ, ಅದಕ್ಕೆ ಮಾತ್ರ ಜೊತೆ ಸಿಗುವುದಿಲ್ಲ.

ಕೆಂಪು-ನೀಲಿ ಕನ್ನಡಕದ ಚಿತ್ರದ ಮೇಲೆ ನೇರವಾಗಿ ಬ್ರಷ್ ಹಾಕುವವರಿಗೂ ಒಂದು ಮಾತು. ಅದರಲ್ಲಿ ಕೆಂಪು ಚಾನೆಲ್ ಎಡಗಣ್ಣಿಗೆ, ಹಸಿರು ಮತ್ತು ನೀಲಿ ಬಲಗಣ್ಣಿಗೆ. ನೀವು ಬಳಿದ ಬಣ್ಣ ಎರಡೂ ಕಣ್ಣಿಗೆ ಒಂದೇ ಜಾಗದಲ್ಲಿ ಬೀಳುತ್ತದೆ, ಅಂದರೆ ಆಳ ಕಳೆದುಕೊಂಡು ಸ್ಕ್ರೀನಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಜೆಪೆಗ್ ಬಣ್ಣದ ವಿವರವನ್ನು ಕಡಿಮೆ ಮಾಡುವುದರಿಂದ ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಸೋರಿ ನೆರಳೂ ಏಳುತ್ತದೆ. ಎಡ-ಬಲ ಫೈಲುಗಳನ್ನು ಬೇರೆಯಾಗಿ ಟಿಫ್‌ನಲ್ಲಿ ಇಟ್ಟುಕೊಳ್ಳಿ, ಕೆಂಪು-ನೀಲಿ ಪ್ರತಿಯನ್ನು ರಿಪೇರಿ ಎಲ್ಲ ಮುಗಿದ ಮೇಲೆ ಮಾಡಿ.