ಮೂರನೇ ತಿಂಗಳ ಮಾತ್ರೆ

ಮಾನಸಿಕ ಆರೋಗ್ಯದ ಬಗ್ಗೆ ಎಲ್ಲೇ ಸಭೆ ನಡೆಯಲಿ, ಮೊದಲ ಹತ್ತು ನಿಮಿಷದಲ್ಲೇ ಒಂದು ಲೆಕ್ಕ ಬರುತ್ತದೆ. ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ, ಇರುವುದು ಸುಮಾರು 0.75 ಅಷ್ಟೇ ಅಂತ. ಲೆಕ್ಕ ಸರಿಯಾಗಿಯೇ ಇದೆ. ಅದರ ಬೆನ್ನಿಗೇ ಬರುವ ತೀರ್ಮಾನದ ಬಗ್ಗೆ ನನ್ನ ತಕರಾರು. ಇನ್ನಷ್ಟು ಸೀಟು ಕೊಡಿ, ಇನ್ನಷ್ಟು ಡಾಕ್ಟರು ಬರಲಿ, ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೂತ ನನ್ನಂಥ ಮನೋವೈದ್ಯನಿಗೆ ಕಾಣುವುದು ಬೇರೆ. ರೋಗಿ ನನ್ನ ತನಕ ಬರುತ್ತಾನೆ. ಗುಣವೂ ಆಗುತ್ತಾನೆ. ಮೂರನೇ ತಿಂಗಳಿಗೋ ನಾಲ್ಕನೇ ತಿಂಗಳಿಗೋ ಕಾಣೆಯಾಗುತ್ತಾನೆ. ನನ್ನ ಕುರ್ಚಿಯೇನೂ ಖಾಲಿ ಇರಲಿಲ್ಲ. ಆದರೂ ಚಿಕಿತ್ಸೆ ತಪ್ಪಿಹೋಯಿತು.

2015-16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಹನ್ನೆರಡು ರಾಜ್ಯಗಳನ್ನು ಆರಿಸಿಕೊಂಡಿದ್ದರು. (ಅದರಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪ್ರಾಯೋಗಿಕ ಸಮೀಕ್ಷೆ ಮಾತ್ರ ಆಯಿತು.) ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆ ಇದ್ದೂ ಚಿಕಿತ್ಸೆ ಇಲ್ಲದವರು ನೂರಕ್ಕೆ 70ರಿಂದ 92, ಯಾವ ಕಾಯಿಲೆ ಅನ್ನುವುದರ ಮೇಲೆ ವ್ಯತ್ಯಾಸ. ಊರಿಗೆಲ್ಲ ಗೊತ್ತಾಗುವಂಥ, ಇಲ್ಲದ್ದು ಇದೆ ಅನ್ನಿಸುವ ಸೈಕೋಸಿಸ್‌ನಲ್ಲೂ ಮುಕ್ಕಾಲು ಪಾಲು ಜನಕ್ಕೆ ಚಿಕಿತ್ಸೆ ಇರಲಿಲ್ಲ. ಈ ಸಂಖ್ಯೆಗಳನ್ನು ಎಲ್ಲರೂ ಹೇಳುತ್ತಾರೆ. ಅದೇ ವರದಿಯಲ್ಲಿ ಅಷ್ಟಾಗಿ ಯಾರೂ ಎತ್ತದ ಇನ್ನೊಂದು ಸಂಖ್ಯೆ ಇದೆ. ಚಿಕಿತ್ಸೆಗೂ ಓಡಾಟಕ್ಕೂ ಸೇರಿ ಮನೆಯವರ ಕೈಯಿಂದ ತಿಂಗಳಿಗೆ 1,000ದಿಂದ 1,500 ರೂಪಾಯಿ ಹೋಗುತ್ತಿತ್ತು. ಅದೂ ಹತ್ತು ವರ್ಷದ ಹಿಂದಿನ ರೂಪಾಯಿ.

ಚಿಕಿತ್ಸೆ ಹೇಗೆ ತಪ್ಪುತ್ತದೆ ಅಂತ ಹೇಳುತ್ತೇನೆ. ಇದು ಒಬ್ಬರ ಕಥೆಯಲ್ಲ, ಹಲವರದ್ದು ಸೇರಿಸಿ ಹೇಳುತ್ತಿದ್ದೇನೆ. ಇಪ್ಪತ್ತೈದರ ಹುಡುಗ. ವರ್ಷದಿಂದ ಮೂಲೆಯಲ್ಲಿ ಕೂರುತ್ತಾನೆ, ಒಬ್ಬನೇ ಮಾತಾಡಿಕೊಳ್ಳುತ್ತಾನೆ, ಸ್ನಾನ ಬಿಟ್ಟಿದ್ದಾನೆ, ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತಾನೆ. ದೇವಸ್ಥಾನ, ತಾಯಿತ, ಹರಕೆ ಎಲ್ಲ ಮುಗಿದು, ಕುರಿ ಮಾರಿದ ದುಡ್ಡೂ ಕರಗಿದ ಮೇಲೆ ಇಲ್ಲಿಗೆ ಕರೆತರುತ್ತಾರೆ. ಅದಕ್ಕೆ ನಾನು ಬೈಯುವುದಿಲ್ಲ. ಪೂಜಾರಿ ಅವರೂರಲ್ಲೇ ಇರುತ್ತಾರೆ. ಯಾವ ಹೊತ್ತಿಗೆ ಹೋದರೂ ಸಿಗುತ್ತಾರೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡುತ್ತಾರೆ. ನಮ್ಮ ಒಪಿಡಿಯಲ್ಲಿ ಅಷ್ಟು ಪುರುಸೊತ್ತು ಎಲ್ಲಿದೆ? ಅಂತೂ ರಿಸ್ಪೆರಿಡೋನ್ ಮಾತ್ರೆ ಶುರು ಮಾಡುತ್ತೇವೆ. ಒಂದೂವರೆ ತಿಂಗಳಲ್ಲಿ ಹುಡುಗ ಕಟಿಂಗ್ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಾನೆ. ಆಗ ಆ ತಾಯಿಯ ಮುಖ ನೋಡಬೇಕು.

ಅದರ ಮುಂದಿನ ಸಲ ಮಾತ್ರೆ ಹದಿನೈದು ದಿನದ್ದಷ್ಟೇ ಸಿಗುತ್ತದೆ. ಉಳಿದದ್ದು ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ ಅಂತ ಫಾರ್ಮಸಿಯಲ್ಲಿ ಹೇಳುತ್ತಾರೆ. ಹದಿನೈದು ದಿನಕ್ಕೆ ಮತ್ತೆ ಬರಬೇಕೆಂದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಈಗ ಹುಡುಗನೂ ಕೆಲಸಕ್ಕೆ ಹೋಗುವಷ್ಟು ಸುಧಾರಿಸಿದ್ದಾನೆ. ಹಾಗಾಗಿ ಇಬ್ಬರ ಕೂಲಿ ಹೋಯಿತು. ಗುಣವಾದಷ್ಟೂ ಆಸ್ಪತ್ರೆಗೆ ಬರುವುದು ದುಬಾರಿಯಾಗುತ್ತದೆ. ಈ ವಿಚಿತ್ರ ನಮ್ಮ ಯೋಜನೆಗಳ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ತೊಡಕು ಕಾಯಿಲೆಯದ್ದೇ. ಮಾತ್ರೆ ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಬದಲಿಗೆ ಮಂಪರು ಕಡಿಮೆಯಾಗಿ ಹುಡುಗ ಇನ್ನೂ ಚುರುಕಾಗಿ ಕಾಣುತ್ತಾನೆ. 'ನೋಡಿದ್ರಾ, ನಿದ್ದೆ ಮಾತ್ರೆ ಬಿಟ್ಟ ಮೇಲೇ ಚೆನ್ನಾಗಿದ್ದಾನೆ' ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅವು ನಿದ್ದೆ ಮಾತ್ರೆಗಳಲ್ಲ, ಅಭ್ಯಾಸ ಹಿಡಿಸುವಂಥವೂ ಅಲ್ಲ. ಕಾಯಿಲೆ ಮರಳುವುದು ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ. ಅಷ್ಟು ಹೊತ್ತಿಗೆ ಮಾತ್ರೆ ಬಿಟ್ಟದ್ದು ಯಾರಿಗೂ ನೆನಪಿರುವುದಿಲ್ಲ. ಮೊನ್ನೆ ಹೋದ ಅಮಾವಾಸ್ಯೆ ನೆನಪಿರುತ್ತದೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಕಷ್ಟ. ಗಂಡು ನೋಡಲು ಬರುತ್ತಾರೆ ಅಂದರೆ ಮೊದಲು ಅಟ್ಟ ಸೇರುವುದು ಮಾತ್ರೆಯ ಚೀಟಿ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಕದ್ದು ನುಂಗಬೇಕು. ಗೊತ್ತಾದರೆ ತವರಿಗೆ ಕಳಿಸುತ್ತಾರೆ. ತವರು ಬೇರೆ ತಾಲ್ಲೂಕು, ಅಲ್ಲಿ ಬೇರೆ ಆಸ್ಪತ್ರೆ. ಹಳೇ ಚೀಟಿ ಗಂಡನ ಮನೆಯಲ್ಲೇ ಉಳಿದಿರುತ್ತದೆ.

ನಮ್ಮ ರಾಜ್ಯದಲ್ಲಿ ಏನೂ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಮನೋಚೈತನ್ಯ ಕಾರ್ಯಕ್ರಮ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಎಷ್ಟೋ ಜನಕ್ಕೆ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವ ಕಷ್ಟ ತಪ್ಪಿದ್ದು ಇದರಿಂದಲೇ. ಆದರೆ ಒಬ್ಬ ರೋಗಿಗೆ ನಾನು ನಿಜವಾಗಿ ಬೇಕಾಗುವುದು ವರ್ಷಕ್ಕೆ ಎಷ್ಟು ಸಲ? ಮೊದಲ ಕೆಲವು ತಿಂಗಳು ಬಿಟ್ಟರೆ ಎರಡು ಸಲ, ಹೆಚ್ಚೆಂದರೆ ಮೂರು. ಉಳಿದ ತಿಂಗಳು ಬೇಕಾಗುವುದು ಅದೇ ಮಾತ್ರೆ, ತೂಕ ನೋಡುವವರು, ನಿದ್ದೆ ಹೇಗಿದೆ, ಕೈ ನಡುಗುತ್ತಾ ಅಂತ ಕೇಳುವವರು. ಇದಕ್ಕೆ ಮನೋವೈದ್ಯರು ಬೇಕಿಲ್ಲ. ಬಿಪಿ, ಶುಗರ್ ಮಾತ್ರೆ ಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ಅಂದರೆ ಪಿಎಚ್‌ಸಿಯಲ್ಲೇ ಇದನ್ನೂ ಕೊಡಬಹುದು. ಮಾತ್ರೆ ಬೇಡ ಅನ್ನುವವರಿಗೆ ಫ್ಲೂಫೆನಜಿನ್‌ನಂಥ ಇಂಜೆಕ್ಷನ್ ಇದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಪಿಎಚ್‌ಸಿಯ ನರ್ಸ್ ಅದನ್ನು ಕೊಡಬಲ್ಲರು. ಔಷಧಿ ಅಲ್ಲಿಗೆ ತಲುಪಬೇಕು, ಅಷ್ಟೇ.

ಅಲ್ಲೇ ಸಿಕ್ಕು ಇರುವುದು. 2018ರ ಮೇ 29ರಿಂದ ಜಾರಿಯಾದ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಒಳ್ಳೆಯ ಕಾಯ್ದೆ. ಚಿಕಿತ್ಸೆ ಹಕ್ಕು ಅನ್ನುತ್ತದೆ. ಯಾವ ರೋಗಿಯೂ ಚಿಕಿತ್ಸೆಗಾಗಿ ದೂರ ಹೋಗಬೇಕಾಗಬಾರದು ಅಂತ ಅದರ 18ನೇ ಕಲಮಿನಲ್ಲೇ ಇದೆ. ಆದರೆ ಅದೇ ಕಲಂ ಅಗತ್ಯ ಔಷಧಿಗಳ ಬಗ್ಗೆ ಮಾತಾಡುವಾಗ, ಉಚಿತವಾಗಿ, ಸದಾ ಕಾಲ ಸಿಗಬೇಕಾದದ್ದು 'ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದರ ಮೇಲಿನ' ಆಸ್ಪತ್ರೆಗಳಲ್ಲಿ ಅನ್ನುತ್ತದೆ. ಪಿಎಚ್‌ಸಿ ಅದರ ಕೆಳಗಿನದ್ದು. ಅಲ್ಲಿ ಕೊಡಬೇಡಿ ಅಂತ ಕಾಯ್ದೆ ಹೇಳುವುದಿಲ್ಲ, ಕೊಡಲೇಬೇಕು ಅಂತಲೂ ಹೇಳುವುದಿಲ್ಲ. ಕೊಡಲೇಬೇಕು ಅಂತ ಇಲ್ಲದ್ದಕ್ಕೆ ಯಾರು ಇಂಡೆಂಟ್ (ಔಷಧಿಯ ಬೇಡಿಕೆ ಪಟ್ಟಿ) ಹಾಕುತ್ತಾರೆ, ಅಲ್ವಾ?

ಇಂಡೆಂಟ್ ವಿಷಯ ಒಣ ವಿಷಯ ಅನಿಸಬಹುದು. ನನ್ನ ಪ್ರಕಾರ ಇದರಲ್ಲೇ ಅರ್ಧ ಉತ್ತರ ಇದೆ. ಆಸ್ಪತ್ರೆ ಮುಂದಿನ ವರ್ಷಕ್ಕೆ ಔಷಧಿ ಕೇಳುವಾಗ ಹಿಂದಿನ ವರ್ಷ ಎಷ್ಟು ಖರ್ಚಾಯಿತು ಅಂತ ನೋಡುತ್ತಾರೆ. ಹಿಂದಿನ ವರ್ಷ ನಾಲ್ಕು ತಿಂಗಳು ಸ್ಟಾಕೇ ಇರಲಿಲ್ಲ ಅಂದರೆ ಖರ್ಚು ಕಡಿಮೆ ಕಾಣುತ್ತದೆ. ಬೇಡಿಕೆ ಕಡಿಮೆ ಅಂತ ಬರೆದುಕೊಳ್ಳುತ್ತಾರೆ. ಮುಂದಿನ ವರ್ಷ ಇನ್ನೂ ಕಡಿಮೆ ಬರುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ. ಖರ್ಚಾದ ಮಾತ್ರೆಯ ಬದಲು ರೋಗಿಗಳ ತಲೆ ಎಣಿಸಿ, ಒಬ್ಬರಿಗೆ ತಿಂಗಳಿಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಇದು ನಿಲ್ಲುತ್ತದೆ. ಅದಕ್ಕೆ ಪಟ್ಟಿ ಬೇಕು. ಯಾರು, ಯಾವ ಊರು, ಯಾವ ಔಷಧಿ, ಕೊನೆಗೆ ಯಾವತ್ತು ಬಂದಿದ್ದರು. ಟಿಬಿಯಲ್ಲಿ ಹೀಗೇ ಮಾಡುತ್ತೇವೆ. ಟಿಬಿ ರೋಗಿ ಮಾತ್ರೆಗೆ ಬರದಿದ್ದರೆ ಹುಡುಕಿಕೊಂಡು ಹೋಗುವ ಕೆಲಸ ಒಬ್ಬರ ಹೆಸರಿನಲ್ಲಿರುತ್ತದೆ. ಸೈಕೋಸಿಸ್‌ನ ಒಂದು ಬಗೆಯಾದ ಸ್ಕಿಜೋಫ್ರೇನಿಯಾದ ರೋಗಿ ಬರದಿದ್ದರೆ ಒಪಿಡಿ ಸ್ವಲ್ಪ ಬೇಗ ಮುಗಿಯುತ್ತದೆ.

ಇದೆಲ್ಲ ಹೊಸ ವಿಚಾರವೇನಲ್ಲ. 1975ರಲ್ಲೇ ಡಾ. ಆರ್. ಎಲ್. ಕಪೂರ್ ನೇತೃತ್ವದಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಕೂತು, ಪಿಎಚ್‌ಸಿ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಏನು ಕಲಿಸಬೇಕು, ಎಷ್ಟು ಕಲಿಸಿದರೆ ಸಾಕು ಅಂತ ತಿದ್ದಿ ತೀಡಿದರು. 1985ರಿಂದ ಅದನ್ನು ಇಡೀ ಬಳ್ಳಾರಿ ಜಿಲ್ಲೆಗೆ ಒಯ್ದರು. ಬೆರಳೆಣಿಕೆಯ ಅಗ್ಗದ ಔಷಧಿಗಳು, ಸರಳವಾದ ದಾಖಲೆ ಪುಸ್ತಕ, ತರಬೇತಾದ ಸಿಬ್ಬಂದಿ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮಾದರಿಯಾದದ್ದು ಬಳ್ಳಾರಿಯೇ. ದೇಶದ ತುಂಬ ಹರಡುವಾಗ ಎಲ್ಲ ಕಡೆಗೂ ಹೆಸರು ತಲುಪಿತು, ಬಜೆಟ್ ತಲುಪಿತು, ಜಿಲ್ಲಾಸ್ಪತ್ರೆಯ ತಂಡ ತಲುಪಿತು. ಬಳ್ಳಾರಿಯಲ್ಲಿ ಕೆಲಸದ ಜೀವ ಇದ್ದದ್ದು ಪಿಎಚ್‌ಸಿಯಲ್ಲಿ. ಅದು ಮಾತ್ರ ಎಲ್ಲ ಕಡೆ ತಲುಪಲಿಲ್ಲ ಅಂತ ನನಗನಿಸುತ್ತದೆ.

ತೀರ್ಥಹಳ್ಳಿಯದ್ದೂ ಹೇಳಬೇಕು. 2005ರಲ್ಲಿ ಆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಲ್ಲಿ ಹುಡುಕಿ ಚಿಕಿತ್ಸೆ ಕೊಡಲು ಶುರು ಮಾಡಿದರು. ಚಿಕಿತ್ಸೆ ಇಲ್ಲದೆ ಉಳಿದವರಿಗಿಂತ ಚಿಕಿತ್ಸೆಯಲ್ಲಿದ್ದವರು ತಮ್ಮ ಕೆಲಸ ತಾವು ಮಾಡಿಕೊಳ್ಳುವುದರಲ್ಲಿ, ಜನರ ಜೊತೆ ಬೆರೆಯುವುದರಲ್ಲಿ ಎಷ್ಟೋ ಮುಂದಿದ್ದರು. ಮಲೆನಾಡಿನಲ್ಲಿ ಮನೆಗಳು ಎಷ್ಟು ದೂರ ದೂರ, ಮಳೆಗಾಲದಲ್ಲಿ ದಾರಿ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಈ ಕೆಲಸದ ತೂಕ ತಿಳಿಯುತ್ತದೆ.

ಬಸ್ ಚಾರ್ಜು ಜೀವದ ಪ್ರಶ್ನೆಯಾಗುವುದು ನಮ್ಮಲ್ಲಿ ಮಾತ್ರವಲ್ಲ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಅವರ ರೋಗಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಕರೆತರಲು ಮನೆಯವರ ಹತ್ತಿರ ಬಸ್ಸಿಗೆ ಬೇಕಾದ 15 ಡಾಲರ್ ಇರಲಿಲ್ಲ. ಅವರು 2006ರಲ್ಲಿ ರಾಜಧಾನಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಕ್ಲಿನಿಕ್ಕಿನ ಹೊರಗೆ ಮರದ ಬೆಂಚು ಹಾಕಿಸಿ, ಅದೇ ಬಡಾವಣೆಯ ಅಜ್ಜಿಯರಿಗೆ ರೋಗಿಗಳ ಜೊತೆ ಮಾತಾಡುವ ತರಬೇತಿ ಕೊಟ್ಟು ಕೂರಿಸಿದರು. ಮೊದಲಿಗೆ ಹದಿನಾಲ್ಕು ಅಜ್ಜಿಯರು. 2016ರಲ್ಲಿ ಹರಾರೆಯ 24 ಕ್ಲಿನಿಕ್ಕುಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಬಂತು. ಅಜ್ಜಿಯರ ಜೊತೆ ಮಾತಾಡಿದವರಲ್ಲಿ ಆರು ತಿಂಗಳ ನಂತರ ಖಿನ್ನತೆ, ಆತಂಕ ಸ್ಪಷ್ಟವಾಗಿ ಕಡಿಮೆ ಇತ್ತು.

ನಮ್ಮಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅದನ್ನು ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಯಾರೂ ಕರೆಯುವುದಿಲ್ಲ. ನನ್ನ ಒಪಿಡಿಯಲ್ಲಿ ಮಾತ್ರ ಅದರ ಗುರುತು ಇದೆ. ತಾಯಿ, ಅಕ್ಕ, ಹೆಂಡತಿ ಒಬ್ಬರೇ ಬಂದು, ಮನೆಯಲ್ಲಿರುವವನ ಮಾತ್ರೆ ತಗೊಂಡು ಹೋಗುವುದು ಮೊದಲಿಗಿಂತ ಜಾಸ್ತಿ ಕಾಣುತ್ತದೆ. ಕೂಲಿ ಹೋಗುವುದು ತಪ್ಪಿಲ್ಲ, ಚಾರ್ಜಾದರೂ ಉಳಿಯಿತು. ಸರ್ಕಾರಿ ಬಸ್ಸೇ ಹೋಗದ ಊರಿನವರಿಗೆ ಅದೂ ಇಲ್ಲ.

ಹರಾರೆಯ ಅಜ್ಜಿಯರ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಆ ದಾರಿ ಖಿನ್ನತೆಗೆ, ಆತಂಕಕ್ಕೆ. ಸ್ಕಿಜೋಫ್ರೇನಿಯಾಕ್ಕೆ ಔಷಧಿ ಬಿಟ್ಟು ಬರೀ ಮಾತು ಸಾಲದು. ನಮ್ಮಲ್ಲಿ ಖಿನ್ನತೆ ಇರುವವರು ಮನೋವೈದ್ಯರ ಹತ್ತಿರ ಬರುವುದೇ ಕಡಿಮೆ. ಮೈಕೈ ನೋವು, ಸುಸ್ತು, ಎದೆ ಉರಿ, ತಲೆ ಭಾರ ಅಂತ ಎಲ್ಲೋ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು, ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಚುಚ್ಚಿಸಿಕೊಂಡು ಮನೆಗೆ ಹೋಗುತ್ತಾರೆ. ಗೋವಾದಲ್ಲಿ ತರಬೇತಾದ ಸಾಮಾನ್ಯ ಜನರನ್ನೇ ಸಲಹೆಗಾರರಾಗಿ ಕೂರಿಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಸರ್ಕಾರಿ ಪಿಎಚ್‌ಸಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು, ಖಾಸಗಿ ಕ್ಲಿನಿಕ್ಕುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಖಿನ್ನತೆ ಇದ್ದ ಗರ್ಭಿಣಿಯರ ಮನೆಗೆ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಹೋಗಿ, ಕಲಿಸಿದ ಕ್ರಮದಲ್ಲಿ ಮಾತಾಡಿದರು. ಮಗು ಹುಟ್ಟಿ ಆರು ತಿಂಗಳಾದಾಗ ಆ ತಾಯಂದಿರಲ್ಲಿ ಖಿನ್ನತೆ ಉಳಿದಿದ್ದದ್ದು ನೂರಕ್ಕೆ 23 ಜನರಲ್ಲಿ. ಮಾಮೂಲಿ ಭೇಟಿ ಮಾತ್ರ ಸಿಕ್ಕವರಲ್ಲಿ 53. ಯಾವ ಮಾತ್ರೆಯೂ ಇಲ್ಲದೆ.

ಇದನ್ನು ಕೇಳಿದ ಕೂಡಲೇ ನಮ್ಮ ಅಧಿಕಾರಿಗಳಿಗೆ ಹೊಳೆಯುವುದು ಆಶಾ ಕಾರ್ಯಕರ್ತೆ. ಲಸಿಕೆ ಅವರದ್ದು, ಬಾಣಂತಿ ಅವರದ್ದು, ಸರ್ವೆ ಅವರದ್ದು, ಜ್ವರ ಬಂದರೆ ಅದೂ ಅವರದ್ದು. ಈಗ ಖಿನ್ನತೆಯೂ ಅವರದ್ದೇ ಅಂದರೆ ಹೇಗೆ? ಗೌರವಧನಕ್ಕಾಗಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತದ್ದನ್ನು ನೋಡಿದ್ದೇವೆ. ದುಡ್ಡು ಕೊಟ್ಟು, ಬೇರೆ ಕೆಲಸ ಇಳಿಸಿ, ತಿಂಗಳಿಗೊಮ್ಮೆ ಅವರ ಮಾತು ಕೇಳಲು ಒಬ್ಬರನ್ನು ಇಟ್ಟು ಕೊಡಬೇಕಾದ ಕೆಲಸ ಇದು. ಎರಡು ದಿನ ತರಬೇತಿ ಕೊಟ್ಟು ಫೋಟೋ ತೆಗೆಸಿದರೆ ಆಗುವುದಿಲ್ಲ.

ಟೆಲಿ ಮಾನಸ್ ಸಹಾಯವಾಣಿಯ ಬಗ್ಗೆ ಎರಡು ಮಾತು. 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಎರಡು ಗಂಟೆಗೆ ಸಾಯಬೇಕು ಅನ್ನಿಸಿದವರಿಗೆ ಇದು ದೊಡ್ಡ ಆಸರೆ. ಆದರೆ ಫೋನಿನಲ್ಲಿ ಮಾತ್ರೆ ಬರುವುದಿಲ್ಲ.

ಮನೆಯಲ್ಲಿ ಇಂಥ ಚಿಕಿತ್ಸೆಯಲ್ಲಿರುವವರು ಇದ್ದರೆ ಕೆಲವು ವಿಷಯ ಗೊತ್ತಿರಲಿ. ಕಾಯಿಲೆ ಹತೋಟಿಯಲ್ಲಿದ್ದರೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಬರೆದುಕೊಡಿ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಚೀಟಿಯ ಫೋಟೋ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಸರ್ಕಾರಿ ಫಾರ್ಮಸಿಯಲ್ಲಿ ಇಲ್ಲ ಅಂದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಅಲ್ಲಿ ಕಂಪನಿಯ ಹೆಸರು ನಡೆಯುವುದಿಲ್ಲ, ಔಷಧಿಯ ಮೂಲ ಹೆಸರು ಹೇಳಬೇಕು. ಅದನ್ನು ಚೀಟಿಯಲ್ಲಿ ಬಿಡಿಸಿ ಬರೆಸಿಕೊಳ್ಳಿ. ಕಾಯಿಲೆಯಿಂದ ದುಡಿಯಲು ಆಗದಿದ್ದರೆ ಅಂಗವಿಕಲತೆಯ ಪ್ರಮಾಣಪತ್ರ ಮಾನಸಿಕ ಕಾಯಿಲೆಗೂ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸವಲತ್ತಿಗೆ ಅಂಗವಿಕಲತೆ ನೂರಕ್ಕೆ ನಲವತ್ತರಷ್ಟಾದರೂ ಇರಬೇಕು.

ಮಂಗಳವಾರ ತಪ್ಪಿತು ಅಂತ ಮುಂದಿನ ಮಂಗಳವಾರದ ತನಕ ಮಾತ್ರೆ ಬಿಡಬೇಡಿ. ಹಳೇ ಚೀಟಿ ತಗೊಂಡು ಬುಧವಾರವೇ ಹೋಗಿ. ಅದೇ ಮಾತ್ರೆಯನ್ನು ಕೆಲವು ದಿನ ಮುಂದುವರಿಸಿ ಬರೆಯಲು ಮನೋವೈದ್ಯರೇ ಆಗಬೇಕೆಂದಿಲ್ಲ, ಡ್ಯೂಟಿಯಲ್ಲಿರುವ ಎಂಬಿಬಿಎಸ್ ಡಾಕ್ಟರೂ ಬರೆಯಬಹುದು. ಲಿಥಿಯಂ, ಕ್ಲೋಜಪಿನ್ ತೆಗೆದುಕೊಳ್ಳುವವರು ಮಾತ್ರ ಕೊನೆಯ ರಕ್ತಪರೀಕ್ಷೆಯ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ.