ಗುದ್ದಿಕೊಂಡು ಕಲಿಯಲಿ ಎನ್ನುವ ಅಪ್ಪಂದಿರಿಗೆ

"ಹೇಗೂ ಗುದ್ದಿಕೊಂಡೇ ಕಲಿಯುವುದಲ್ಲವೇ ಮೇಸ್ತ್ರಿ, ಮೊದಲಿಗೆ ಯಾವುದೋ ಒಂದು ಹಳೆಯ ಕಾರು ಸಾಕು."

ಶಿವಮೊಗ್ಗದಲ್ಲಿ ನಾನು ಗ್ಯಾರೇಜು ತೆರೆದು ಇಪ್ಪತ್ತಾರು ವರ್ಷವಾಯಿತು. ಈ ಮಾತನ್ನು ಎಷ್ಟು ಅಪ್ಪಂದಿರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮಗನಿಗೋ ಮಗಳಿಗೋ ಆಗಷ್ಟೇ ಲೈಸೆನ್ಸ್ ಕೈಗೆ ಬಂದಿರುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಓಡಿಸಿದವರ ಕೈಗೆ ಎಲ್ಲಕ್ಕಿಂತ ಬಡಕಲು ಬ್ರೇಕಿನ ಗಾಡಿಯನ್ನು ಕೊಟ್ಟು, ದುಡ್ಡು ಉಳಿಸಿದೆವು ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಗೀರು ಬೇರೆ, ಗುದ್ದು ಬೇರೆ. ಹೊಸಬರು ಗೇಟಿಗೆ ಕನ್ನಡಿ ತಾಗಿಸುತ್ತಾರೆ, ಹಿಂದಕ್ಕೆ ತೆಗೆಯುವಾಗ ಬಂಪರ್ ಉಜ್ಜುತ್ತಾರೆ. ಅದಕ್ಕಾಗಿ ಬಣ್ಣ ಮಾಸಿದ ಗಾಡಿ ಕೊಳ್ಳಿ, ಬಾಗಿಲಿನಲ್ಲಿ ಸಣ್ಣ ನೆಗ್ಗು ಇದ್ದದ್ದನ್ನೇ ಕೊಳ್ಳಿ, ಬೆಲೆಯಲ್ಲಿ ಚೌಕಾಸಿ ಮಾಡಲಿಕ್ಕೂ ದಾರಿಯಾಗುತ್ತದೆ. ಆದರೆ ಮಳೆಯಲ್ಲಿ ತಿರುವಿನಾಚೆ ಒಂದು ಎಮ್ಮೆ ಅಡ್ಡ ನಿಂತಿದ್ದರೆ ಅಲ್ಲಿ ಬಣ್ಣದ ಮಾತಿಲ್ಲ. ಆಗ ಕೆಲಸಕ್ಕೆ ಬರುವುದು ಚಕ್ರಗಳು, ಬ್ರೇಕು ಮತ್ತು ಸೀಟ್‌ಬೆಲ್ಟು. ಮೈ ಹಳೆಯದಿರಲಿ, ಇವು ಹಳೆಯವಾಗಿರಬಾರದು.

ಕಳೆದ ವರ್ಷ ಮಂಡಗದ್ದೆ ಕಡೆಯ ಗೌಡರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಆಕೆಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಸಿಗುವುದು ಕಷ್ಟ, ಆದ್ದರಿಂದ ಕಾರು. ಗೌಡರು 2011ರ ಸಣ್ಣ ಗಾಡಿಯೊಂದನ್ನು ಒಂದೂವರೆ ಲಕ್ಷಕ್ಕೆ ಮಾತಾಡಿ ಮುಗಿಸಿ, "ಒಮ್ಮೆ ನೋಡಿಬಿಡಿ" ಎಂದು ನನ್ನ ಬಳಿ ತಂದಿದ್ದರು. ಟೈರುಗಳಿಗೆ ಕಪ್ಪು ಪಾಲಿಶ್ ಬಳಿದು ಮದುಮಗನ ಬೂಟಿನಂತೆ ಮಿರಮಿರ ಮಿಂಚಿಸಿದ್ದರು. ಚಿಂದಿ ಬಟ್ಟೆಯಿಂದ ಒರೆಸಿ, ಟೈರಿನ ಪಕ್ಕೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗಿದ್ದ ನಾಲ್ಕು ಅಂಕಿಗಳನ್ನು ತೋರಿಸಿದೆ: 1414. ಅಂದರೆ 2014ನೆಯ ಇಸವಿಯ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡದೆ ನಿಂತಿದ್ದ ಗಾಡಿ, ಹಾಗಾಗಿ ಟೈರಿನ ಗೆರೆಗಳು ಇನ್ನೂ ಆಳವಾಗಿಯೇ ಉಳಿದಿದ್ದವು. ಆದರೆ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತಿತ್ತು. ರಬ್ಬರಿನ ಹಿಡಿತ ಸತ್ತುಹೋಗಿತ್ತು.

ಆ ಗಾಡಿಗೆ ಎಬಿಎಸ್ ಇರಲಿಲ್ಲ, ಅಂದರೆ ಬ್ರೇಕನ್ನು ಜೋರಾಗಿ ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ ತಾನಾಗಿಯೇ ನೋಡಿಕೊಳ್ಳುವ ವ್ಯವಸ್ಥೆ. "ನಾನು ಮೂವತ್ತು ವರ್ಷ ಅದಿಲ್ಲದೆಯೇ ಓಡಿಸಿದ್ದೇನಲ್ಲ?" ಎಂದರು ಗೌಡರು. ಎಲ್ಲ ಅಪ್ಪಂದಿರೂ ಕೇಳುವ ಪ್ರಶ್ನೆ ಇದು. ಇದಕ್ಕೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳುತ್ತೇನೆ, ಬೇಸರಿಸಬೇಡಿ.

ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕನ್ನು ಪೂರ್ತಿ ತುಳಿದರೆ ಚಕ್ರ ಕಚ್ಚಿಕೊಂಡು ನಿಂತುಬಿಡುತ್ತದೆ, ಗಾಡಿ ಮಾತ್ರ ನಿಲ್ಲದೆ ಜಾರುತ್ತದೆ. ಉರುಳುತ್ತಿರುವ ಚಕ್ರ ಸ್ಟೇರಿಂಗ್ ಹೇಳಿದ ಕಡೆಗೆ ಹೋಗುತ್ತದೆ. ಜಾರುತ್ತಿರುವ ಚಕ್ರಕ್ಕೆ ಸ್ಟೇರಿಂಗಿನ ಮಾತು ಕೇಳಿಸುವುದಿಲ್ಲ. ನೀವು ಎಡಕ್ಕೆ ತಿರುಗಿಸುತ್ತಲೇ ಇರುತ್ತೀರಿ, ಗಾಡಿ ನೆಟ್ಟಗೆ ಎಮ್ಮೆಯ ಕಡೆಗೇ ಹೋಗುತ್ತಿರುತ್ತದೆ. ಹಳೆಯ ಚಾಲಕರು ಇದನ್ನು ಕಾಲಿನಲ್ಲೇ ಕಲಿತವರು. ಒತ್ತಿ, ಬಿಟ್ಟು, ಮತ್ತೆ ಒತ್ತಿ, ಚಕ್ರ ಕಚ್ಚದ ಹಾಗೆ ನಿಲ್ಲಿಸುತ್ತಾರೆ. ಗೌಡರ ಗಾಡಿಯಲ್ಲಿ ಎಬಿಎಸ್ ಇರಲಿಲ್ಲ ನಿಜ, ಗೌಡರ ಪಾದದಲ್ಲಿ ಇತ್ತು. ಅದು ಮೂವತ್ತು ವರ್ಷದ ಗಳಿಕೆ. ಮಗಳಿಗೆ ಲೈಸೆನ್ಸ್ ಬಂದು ಮೂರು ತಿಂಗಳು. ಅಡಿಕೆ ತೋಟವನ್ನು ಮಕ್ಕಳ ಹೆಸರಿಗೆ ಬರೆದುಕೊಡಬಹುದು, ಪಾದದ ಅಭ್ಯಾಸವನ್ನು ಬರೆದುಕೊಡಲು ಆಗುವುದಿಲ್ಲ. ಆಕೆಯ ಪಾದಕ್ಕೆ ಇನ್ನೂ ಬಾರದ ಕೆಲಸವನ್ನು ಗಾಡಿಯೇ ಮಾಡಬೇಕು.

ಹಾಗೆಂದು ಎಬಿಎಸ್ ಇದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮ ಎಂದು ನಾನು ಹೇಳುವುದಿಲ್ಲ. ಜಲ್ಲಿ ಉದುರಿದ ರಸ್ತೆಯಲ್ಲಿ ಅದು ಗಾಡಿಯನ್ನು ಇನ್ನಷ್ಟು ದೂರ ಒಯ್ದು ನಿಲ್ಲಿಸಬಹುದು. ಟೈರು ಸವೆದಿದ್ದರೆ ಅದರ ಕೈಲಿ ಏನೂ ಆಗುವುದಿಲ್ಲ. ಟೈರಿನ ಗೆರೆಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ, 1.6 ಮಿಲಿಮೀಟರ್ ಎತ್ತರ. ಸವೆತ ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ನಮ್ಮ ಆರಿದ್ರಾ, ಪುನರ್ವಸು ಮಳೆಗೆ ಅಷ್ಟರವರೆಗೂ ಕಾಯಬೇಡಿ ಎಂಬುದು ನನ್ನ ಸಲಹೆ. ಮೂರು ಮಿಲಿಮೀಟರಿಗೆ ಬಂದಾಗಲೇ ಬದಲಿಸಿ. ಆರು ವರ್ಷ ದಾಟಿದ ಟೈರಿನ ಗೆರೆ ಎಷ್ಟೇ ಆಳವಿದ್ದರೂ ಹೊಸಬರ ಗಾಡಿಯಲ್ಲಿ ನಾನು ಇಟ್ಟುಕೊಳ್ಳಲು ಬಿಡುವುದಿಲ್ಲ. ಕೊಳ್ಳುವ ಮೊತ್ತದಲ್ಲಿ ನಾಲ್ಕು ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಎಣ್ಣೆ ಇವುಗಳಿಗೆ ಮೂವತ್ತು ಸಾವಿರದಷ್ಟನ್ನು ಮೊದಲೇ ತೆಗೆದಿಟ್ಟು, ಉಳಿದ ದುಡ್ಡಿಗೆ ಗಾಡಿ ಹುಡುಕಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಹಳೆಯ ಗಾಡಿಗಳಲ್ಲಿ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುವುದನ್ನು ವಾರಕ್ಕೆರಡು ಸಲ ನೋಡುತ್ತೇನೆ.

ಹಾಗಾದರೆ ಯಾವ ವರ್ಷದ್ದು? ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಅದೇ ವರ್ಷ ಜುಲೈ 1ರಿಂದ ಚಾಲಕರ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆ, ಹಿಂದಕ್ಕೆ ತೆಗೆಯುವಾಗಿನ ಸೆನ್ಸರ್ ಕೂಡ ಕಡ್ಡಾಯವಾದವು. ಆದ್ದರಿಂದ ಆರ್‌ಸಿಯಲ್ಲಿ ನೋಂದಣಿಯ ದಿನಾಂಕ ನೋಡಿ ಸುಮ್ಮನಾಗಬೇಡಿ, ತಯಾರಾದ ತಿಂಗಳನ್ನು ನೋಡಿ. 2019ರ ಜುಲೈ ಅಥವಾ ಆಮೇಲಿನದಾಗಿದ್ದರೆ ಅತ್ಯಂತ ಅಗ್ಗದ ಮಾದರಿಯಲ್ಲೂ ಇಷ್ಟು ಇರುತ್ತದೆ. ಅದಕ್ಕೂ ಹಳೆಯದೇ ಆಗಬೇಕೆಂದಿದ್ದರೆ ಮೇಲಿನ ದರ್ಜೆಯ ಮಾದರಿಗಳಲ್ಲಿ ಹುಡುಕಿ.

ಕೀಲಿ ತಿರುಗಿಸಿದ ಕೂಡಲೇ, ಎಂಜಿನ್ ಚಾಲೂ ಮಾಡುವ ಮೊದಲು, ಮೀಟರಿನ ಮೇಲೆ ಎಬಿಎಸ್ ಮತ್ತು ಏರ್‌ಬ್ಯಾಗಿನ ದೀಪಗಳು ಹೊತ್ತಿ, ಕೆಲವು ಕ್ಷಣಕ್ಕೆ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವಾದರೆ ಇನ್ನೂ ಹೆಚ್ಚು ಅನುಮಾನಪಡಿ. ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗಿಗೆ ಹೊಸದು ಹಾಕುವ ಖರ್ಚು ಉಳಿಸಲು ದೀಪದ ತಂತಿಯನ್ನೇ ಕಿತ್ತ ಗಾಡಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸ್ಟೇರಿಂಗಿನ ಮುಚ್ಚಳ ಹೊಸದಾಗಿ ಕಾಣುತ್ತಿರುತ್ತದೆ, ಒಳಗೆ ಏನೂ ಇರುವುದಿಲ್ಲ.

ಕಾಗದಪತ್ರದ ವಿಚಾರ ಬಹುಮಂದಿಗೆ ಗೊತ್ತಿದೆ. ಸಾಲ ತೀರಿದ ಗಾಡಿಯಾದರೆ, ಸಾಲ ತೀರಿತೆಂದು ಸಾಲ ಕೊಟ್ಟವರು ಸಹಿ ಹಾಕಿದ ಫಾರಂ 35 ಕೇಳಿ ಪಡೆಯಿರಿ, ಹೆಸರು ಬದಲಾದ ಮೇಲೆ ಹದಿನಾಲ್ಕು ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಹಣ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಗಾಡಿಯ ಜೊತೆ ಬರುವುದಿಲ್ಲ, ಅದು ಅವರದು.

ಗೌಡರು ಆ ದಿನ ಮುನಿಸಿಕೊಂಡೇ ಹೋದರು. ಮಾತು ಕೊಟ್ಟ ಗಾಡಿಯನ್ನು ಬೇಡವೆನ್ನುವುದು ಅವರಿಗೆ ಕಷ್ಟವಾಗಿತ್ತು. ಹುಡುಗಿ ಮಾತ್ರ ಬಾಗಿಲ ಬಳಿ ನಿಂತು, "ಅಪ್ಪಯ್ಯ, ಇನ್ನೊಂದು ವರ್ಷ ಬಸ್ಸಿನಲ್ಲೇ ಹೋಗುತ್ತೇನೆ, ಆಮೇಲೆ ನನ್ನ ಸಂಬಳದ ದುಡ್ಡನ್ನೂ ಸೇರಿಸೋಣ" ಎಂದಳು. ವರ್ಷವೇನೂ ಬೇಕಾಗಲಿಲ್ಲ. ಎರಡು ತಿಂಗಳಿಗೆ 2020ರ ಪೆಟ್ರೋಲ್ ಗಾಡಿಯೊಂದು ಮೂರು ಲಕ್ಷದ ಆಸುಪಾಸಿನಲ್ಲಿ ಸಿಕ್ಕಿತು. ಎಡಗಡೆಯ ಬಾಗಿಲೆರಡೂ ಗೀಚಿಹೋಗಿದ್ದರಿಂದ ಯಾರೂ ಮುಟ್ಟಿರಲಿಲ್ಲ. ಟೈರು ಬದಲಿಸಿದೆ. ಹುಡುಗಿ ಗಿಡ್ಡ, ಕ್ಲಚ್ಚು ಪೂರ್ತಿ ಒತ್ತಿದಾಗ ಬೆನ್ನು ಸೀಟಿನಿಂದ ಕೀಳುತ್ತಿತ್ತು, ಅದಕ್ಕೆ ಸೀಟು ಸರಿಪಡಿಸಿಕೊಟ್ಟೆ.

ಆಮೇಲೆ, ಹೊಸಬರಿಗೆಲ್ಲ ಮಾಡಿಸುವಂತೆ, ಮಳೆ ನಿಂತ ಒಂದು ಬೆಳಿಗ್ಗೆ ಖಾಲಿ ಬಯಲಿಗೆ ಕರೆದೊಯ್ದು ನಡುವೆ ಒಂದು ಖಾಲಿ ಎಣ್ಣೆ ಡಬ್ಬಿ ಇಟ್ಟೆ. ಮೂವತ್ತರ ವೇಗದಲ್ಲಿ ಬಂದು ಬ್ರೇಕ್ ಪೂರ್ತಿ ತುಳಿಯಬೇಕು, ಕಾಲು ತೆಗೆಯದೆ ಡಬ್ಬಿಯ ಪಕ್ಕಕ್ಕೆ ತಿರುಗಿಸಬೇಕು. ಎಬಿಎಸ್ ಕೆಲಸ ಮಾಡುವಾಗ ಪೆಡಲು ಪಾದದಡಿ ಟರಟರ ಅದುರುತ್ತದೆ. ಅದು ಗೊತ್ತಿಲ್ಲದವರು ಏನೋ ಮುರಿಯಿತೆಂದು ಹೆದರಿ ಕಾಲು ಎತ್ತಿಬಿಡುತ್ತಾರೆ. ಅವಳೂ ಮೊದಲ ಸಲ ಎತ್ತಿದಳು, ಡಬ್ಬಿ ಹಾರಿತು. ಎರಡನೆಯ ಸಲ ಹಲ್ಲು ಕಚ್ಚಿ ಒತ್ತಿ ಹಿಡಿದಳು, ತಿರುಗಿಸುವುದನ್ನು ಮರೆತಳು. ಮೂರನೆಯ ಸಲ ಗಾಡಿ ಡಬ್ಬಿಯ ಪಕ್ಕಕ್ಕೆ ಸರಿದು ನಿಂತಿತು.

"ಎಲ್ಲಿ, ನಾನೊಮ್ಮೆ ನೋಡುತ್ತೇನೆ" ಎಂದು ಗೌಡರು ಕುಳಿತರು. ಮೂವತ್ತು ವರ್ಷದ ಅಭ್ಯಾಸ. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಡಬ್ಬಿ ಬಂಪರಿಗೆ ತಗುಲಿ ಉರುಳಿ ಹೋಯಿತು. ಮಗಳು ಓಡಿಹೋಗಿ ಅದನ್ನು ಎತ್ತಿ ತಂದು ಮೊದಲಿದ್ದ ಜಾಗದಲ್ಲೇ ಇಟ್ಟು, ಕಿಟಕಿಯ ಬಳಿ ಬಗ್ಗಿ ಹೇಳಿದಳು: "ಅಪ್ಪಯ್ಯ, ಅದುರಿದರೆ ಹೆದರಬೇಡಿ, ಕಾಲು ಎತ್ತಬೇಡಿ."