ಗೇಟು ಇದ್ದರೂ ಡಿಕ್ಕಿ ಏಕೆ?

ಪ್ರಶ್ನೆ: ರೈಲ್ವೆ ಲೆವೆಲ್ ಕ್ರಾಸಿಂಗ್‌ಗಳಲ್ಲಿ ದೀಪ, ಗಂಟೆ, ಗೇಟುಗಳಿಂದ ವಾಹನ ಚಾಲಕರಿಗೆ ನಿಜಕ್ಕೂ ಉಪಯೋಗವಿದೆಯೇ? ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ಡಿಕ್ಕಿಗಳು ಇವೆಲ್ಲ ಇರುವ ಕಡೆಯೇ ಆಗುತ್ತವೆಯಂತೆ.

ಹೌದು, ಅಲ್ಲೇ ಆಗುತ್ತವೆ. ಆದರೆ ದೀಪ, ಗೇಟು ಹಾಕುವುದೇ ವಾಹನಗಳೂ ರೈಲುಗಳೂ ಹೆಚ್ಚು ಓಡಾಡುವ ಕಡೆ. ಕೊಡೆ ಹಿಡಿದವರೇ ಹೆಚ್ಚು ನೆನೆದಿದ್ದಾರೆಂದು ಕೊಡೆಯನ್ನು ದೂರಿದರೆ ಹೇಗೆ? ಹೋಲಿಸಬೇಕಾದದ್ದು ಸಾಧನ ಬರುವ ಮುಂಚಿನ ಮತ್ತು ಬಂದ ನಂತರದ ಸ್ಥಿತಿಯನ್ನು. ಅಮೆರಿಕದ ಸಾರಿಗೆ ಇಲಾಖೆ ಬಹುಕಾಲ ಬಳಸಿದ ಲೆಕ್ಕದ ಪ್ರಕಾರ, ಬರೀ ಫಲಕವಿದ್ದ ಕಡೆ ಮಿನುಗುವ ಕೆಂಪು ದೀಪ ಹಾಕಿದರೆ ಅಪಘಾತ ಸುಮಾರು ಶೇ 70ರಷ್ಟು ಇಳಿಯುತ್ತದೆ. ಗೇಟನ್ನೂ ಹಾಕಿದರೆ ಶೇ 80ಕ್ಕೂ ಹೆಚ್ಚು.

ಫಲಕವೊಂದೇ ಇದ್ದಾಗ ಚಾಲಕ ತನ್ನ ಕಣ್ಣಳತೆಯನ್ನೇ ನಂಬಬೇಕು. ರೈಲಿನ ವಿಷಯದಲ್ಲಿ ಕಣ್ಣಳತೆ ಕೈಕೊಡುತ್ತದೆ. ಭಾರಿ ಗಾತ್ರದ ವಸ್ತು ಇರುವುದಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ತೋರುತ್ತದೆ. ಅತ್ತ ಗಂಟೆಗೆ 90 ಕಿ.ಮೀ. ವೇಗದ ಸರಕು ರೈಲು ಬ್ರೇಕ್ ಹಾಕಿದ ಮೇಲೂ ಒಂದೂವರೆ ಕಿಲೋಮೀಟರ್ ಸಾಗೀತು.

ಗೇಟು ಬಿದ್ದ ಮೇಲೂ ಪಕ್ಕದಿಂದ ನುಸುಳುವವರನ್ನು ಬರೀ ಮೂರ್ಖರೆನ್ನಲು ನನಗೆ ಮನಸ್ಸಿಲ್ಲ. ಅಮೆರಿಕದ ನಿಯಮದಂತೆ ರೈಲು ಬರುವ ಕನಿಷ್ಠ 20 ಸೆಕೆಂಡ್ ಮುಂಚೆ ದೀಪ ಮಿನುಗಬೇಕು. ಹಳೆಯ ವ್ಯವಸ್ಥೆಯಲ್ಲಿ ಹಳಿಯ ಒಂದು ನಿಗದಿತ ಜಾಗವನ್ನು ರೈಲು ದಾಟಿದೊಡನೆ ಎಚ್ಚರಿಕೆ ಶುರು. ವೇಗದ ರೈಲಾದರೆ ಇಪ್ಪತ್ತೇ ಸೆಕೆಂಡ್. ತೆವಳುವ ರೈಲಾದರೆ ನಿಮಿಷಗಟ್ಟಲೆ ಕಾಯಬೇಕು. ಹಾಗೆ ನಾಲ್ಕು ಸಲ ಕಾದವನು ಐದನೆಯ ಸಲ ಗೇಟಿನ ಮಾತನ್ನು ನಂಬುವುದಿಲ್ಲ, ಅಂದೇ ವೇಗದ ರೈಲು ಬಂದಿರುತ್ತದೆ. ಹಳಿಯಲ್ಲಿ ಹರಿಯುವ ವಿದ್ಯುತ್ತಿನ ಏರಿಳಿತದಿಂದಲೇ ರೈಲಿನ ವೇಗವನ್ನು ಲೆಕ್ಕಹಾಕಿ, ಎಲ್ಲ ರೈಲಿಗೂ ಹೆಚ್ಚುಕಡಿಮೆ ಒಂದೇ ಅವಧಿಯ ಎಚ್ಚರಿಕೆ ಕೊಡುವ ಸಾಧನಗಳು ಬಂದಿರುವುದು ಇದಕ್ಕಾಗಿಯೇ. ನುಸುಳುವ ದಾರಿಯನ್ನೇ ಮುಚ್ಚಲು ರಸ್ತೆಯ ನಡುವೆ ವಿಭಜಕ ಕಟ್ಟುವುದು, ರಸ್ತೆಯ ಪೂರ್ತಿ ಅಗಲಕ್ಕೆ ನಾಲ್ಕು ಗೇಟು ಹಾಕುವುದು ಇನ್ನೂ ಗಟ್ಟಿ ಉಪಾಯ.

ಆದರೆ ದಾಟಿದ ಮೇಲೆ ಮುಂದೆ ಜಾಗವಿದೆಯೇ ಎಂಬುದನ್ನು ಯಾವ ಗೇಟೂ ಹೇಳುವುದಿಲ್ಲ. 1995ರ ಅಕ್ಟೋಬರ್ 25ರಂದು ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಹಳಿ ದಾಟಿದ ಶಾಲಾ ಬಸ್ಸೊಂದು ಎದುರಿನ ರಸ್ತೆಯ ಕೆಂಪು ದೀಪಕ್ಕೆ ನಿಂತಿತು. ಬಸ್ಸಿನ ಹಿಂಭಾಗ ಇನ್ನೂ ಹಳಿಯ ಮೇಲಿತ್ತು. ರಸ್ತೆಯ ಸಿಗ್ನಲ್‌ಗೂ ರೈಲಿನ ಎಚ್ಚರಿಕೆಗೂ ಜೋಡಣೆ ಇತ್ತು, ಆದರೆ ಬಸ್ಸು ಮುಂದೆ ಸರಿಯಲು ಬೇಕಾದಷ್ಟು ಬೇಗ ಹಸಿರು ಬೀಳಲಿಲ್ಲ. ಏಳು ವಿದ್ಯಾರ್ಥಿಗಳು ತೀರಿಕೊಂಡರು.